ಕೆಸರೂರಿನ ಮೊದಲ ಮೇಯರ್

ಸ್ಥಳೀಯ ಸ್ವಯಮಾಡಳಿತದ ಪಾಠ ಮಾಡುವಾಗ ಪ್ರತಿ ವರ್ಷ ಒಂದು ಪ್ರಶ್ನೆ ಬಂದೇ ಬರುತ್ತಿತ್ತು. ಗ್ರಾಮ ಪಂಚಾಯಿತಿ, ಪುರಸಭೆ, ನಗರಪಾಲಿಕೆ ಎಂದು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ ಕೈ ಎತ್ತುತ್ತಿದ್ದರು. ಒಮ್ಮೆ ಒಬ್ಬ ಹುಡುಗ ನೇರವಾಗಿಯೇ ಕೇಳಿದ: "ಸಾರ್, ಸೈಟ್ ಮಾರೋರೇ ಎಲೆಕ್ಷನ್‌ಗೆ ನಿಂತು ಅಧ್ಯಕ್ಷರಾದ್ರೆ ಊರಿಗೆ ಒಳ್ಳೇದಾ, ಕೆಟ್ಟದ್ದಾ?" ತರಗತಿ ಗೊಳ್ಳೆಂದು ನಕ್ಕಿತು. ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಅಂದು ತಪ್ಪಿಸಿಕೊಂಡೆ.

ಮರುದಿನ ನಾನು ಹೇಳಿದ್ದು ಅಮೆರಿಕದ ಶಿಕಾಗೊ ನಗರದ ಮೊದಲ ಮೇಯರ್ ವಿಲಿಯಂ ಬಟ್ಲರ್ ಆಗ್ಡನ್‌ನ ಕಥೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ ಮೊದಲು ನೆನಪಾದದ್ದೂ ಅದೇ. ಆ ದಿನ ನಲವತ್ತು ನಿಮಿಷದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆಗ್ಡನ್ ಹುಟ್ಟಿದ್ದು 1805ರಲ್ಲಿ, ನ್ಯೂಯಾರ್ಕ್ ರಾಜ್ಯದ ವಾಲ್ಟನ್ ಎಂಬ ಸಣ್ಣ ಊರಿನಲ್ಲಿ. ಮನೆಯದು ಮರಮುಟ್ಟಿನ ವ್ಯಾಪಾರ. ವಕೀಲನಾಗಬೇಕೆಂದಿದ್ದ ಹುಡುಗ, ತಂದೆ ಕಾಯಿಲೆ ಬಿದ್ದದ್ದರಿಂದ ಮೀಸೆ ಚಿಗುರುವ ಮೊದಲೇ ವ್ಯಾಪಾರದ ಹೊಣೆ ಹೊರಬೇಕಾಯಿತು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆದರೂ 1834ರಲ್ಲಿ ನ್ಯೂಯಾರ್ಕ್ ಶಾಸನಸಭೆಗೆ ಆಯ್ಕೆಯಾದ. ಅಲ್ಲಿ ವಾದಿಸಿದ್ದು ಒಂದೇ ವಿಷಯಕ್ಕೆ: ರೈಲು ಬರಬೇಕು.

ಶಿಕಾಗೊಗೆ ಬಂದದ್ದು ಬೇರೆಯವರ ಕೆಲಸದ ಮೇಲೆ. ಆತನ ಸೋದರಿಯ ಗಂಡ ಚಾರ್ಲ್ಸ್ ಬಟ್ಲರ್ ನ್ಯೂಯಾರ್ಕಿನಲ್ಲಿ ಕುಳಿತು ಒಂದು ಲಕ್ಷ ಡಾಲರಿಗೆ ಶಿಕಾಗೊದಲ್ಲಿ ಜಮೀನು ಕೊಂಡಿದ್ದ. ಅದನ್ನು ನೋಡಿ, ಅಳತೆ ಮಾಡಿಸಿ, ಮಾರಿ ಬಾ ಎಂದು 1835ರಲ್ಲಿ ಆಗ್ಡನ್‌ನನ್ನು ಕಳಿಸಿದ. ಮಳೆಗಾಲ. ಜಮೀನು ಎಂದು ತೋರಿಸಿದ ಕಡೆ ಕಾಲಿಟ್ಟರೆ ಮೊಣಕಾಲು ಮಟ್ಟ ಕೆಸರು, ಪೊದೆ. ಶಿಕಾಗೊ ಎಂಬ ಹೆಸರೇ ಅಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಜೌಗಿನಲ್ಲಿ ಬೆಳೆಯುವ ಕಾಡು ಬೆಳ್ಳುಳ್ಳಿಯ ಜಾತಿಯ ಗಿಡದಿಂದ ಬಂದದ್ದು. ನೀನು ಮೋಸ ಹೋಗಿದ್ದೀಯ, ಇದು ಬುದ್ಧಿಗೇಡಿ ವ್ಯಾಪಾರ ಎಂಬ ಅರ್ಥದಲ್ಲಿ ಭಾವನಿಗೆ ಕಾಗದ ಬರೆದ. ಬೇಸಿಗೆ ಬಂತು, ನೆಲ ಒಣಗಿತು. ಗೂಟ ನೆಟ್ಟು, ನಿವೇಶನಗಳನ್ನು ವಿಂಗಡಿಸಿ ಹರಾಜಿಗಿಟ್ಟ. ಮೂರನೆಯ ಒಂದು ಪಾಲು ಮಾರುವಷ್ಟರಲ್ಲಿ ಹಾಕಿದ ಒಂದು ಲಕ್ಷ ವಾಪಸು ಬಂದಿತ್ತು! ಹಾಗಿದ್ದೂ ಆತನಿಗೆ ಆ ಬೆಲೆಯಲ್ಲಿ ನಂಬಿಕೆ ಹುಟ್ಟಲಿಲ್ಲವಂತೆ. ನಂಬಿಕೆ ಹುಟ್ಟಿದ್ದು ಊರಿನ ಜಾಗದಲ್ಲಿ. ಒಂದು ಕಡೆ ಸಮುದ್ರದಂಥ ಮಿಶಿಗನ್ ಸರೋವರ, ಇನ್ನೊಂದು ಕಡೆ ಕೊನೆಯಿಲ್ಲದ ಹುಲ್ಲುಗಾವಲು. ಅಲ್ಲೇ ಉಳಿದುಬಿಟ್ಟ.

ಆ ಜಮೀನು ಮೊದಲು ಯಾರದಾಗಿತ್ತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಬಾರದು. ಅದು ಪೊಟವಾಟಮಿ ಮತ್ತು ಅವರ ನಂಟ ಜನಾಂಗಗಳ ನೆಲ. 1833ರಲ್ಲಿ ಶಿಕಾಗೊದಲ್ಲೇ ಆದ ಒಪ್ಪಂದದಲ್ಲಿ ಸರೋವರದ ಪಶ್ಚಿಮಕ್ಕಿದ್ದ ಸುಮಾರು 50 ಲಕ್ಷ ಎಕರೆಯನ್ನು ಬಿಟ್ಟುಕೊಟ್ಟು ಮಿಸಿಸಿಪಿ ನದಿಯ ಆಚೆಗೆ ಹೋಗಬೇಕೆಂದು ಅವರಿಂದ ಬರೆಸಿಕೊಂಡರು. 1835ರ ಆಗಸ್ಟಿನಲ್ಲಿ ನೂರಾರು ಪೊಟವಾಟಮಿ ಯೋಧರು ಮೈಗೆ ಬಣ್ಣ ಬಳಿದುಕೊಂಡು ಊರಿನ ಬೀದಿಯಲ್ಲಿ ಕೊನೆಯ ಬಾರಿ ಕುಣಿದು ಹೊರಟರು. ನಿವೇಶನ ವ್ಯಾಪಾರ ಭರಾಟೆಯಿಂದ ನಡೆದಿದ್ದ ಅದೇ ವರ್ಷ, ಅದೇ ಊರು. ತರಗತಿಯಲ್ಲಿ ಇದನ್ನು ಹೇಳಿದಾಗ, ಮುಳುಗಡೆಯಲ್ಲಿ ಊರು ಕಳೆದುಕೊಂಡು ಬಂದ ಮನೆಗಳ ಮಕ್ಕಳು ತಲೆ ಎತ್ತಿ ನೋಡಿದ್ದು ನೆನಪಿದೆ.

1837ರ ಮಾರ್ಚ್‌ನಲ್ಲಿ ಶಿಕಾಗೊಗೆ ನಗರದ ಪಟ್ಟ ಸಿಕ್ಕಿತು. ಜನಸಂಖ್ಯೆ ನಾಲ್ಕು ಸಾವಿರಕ್ಕೆ ಸ್ವಲ್ಪ ಮೇಲು. ನಮ್ಮಲ್ಲಿ ಹೋಬಳಿ ಕೇಂದ್ರಕ್ಕೂ ಅಷ್ಟು ಜನ ಇರುತ್ತಾರೆ. ಮೇ ತಿಂಗಳಲ್ಲಿ ಮೊದಲ ಚುನಾವಣೆ. ಎದುರಾಳಿ ಜಾನ್ ಕಿಂಜಿ ಊರಿನ ಹಳೆಯ ವ್ಯಾಪಾರಿ ಮನೆತನದವನು. ಆಗ್ಡನ್ ಬಂದು ಎರಡು ವರ್ಷವಷ್ಟೇ. ಆದರೂ ಎರಡು ಪಟ್ಟಿಗಿಂತ ಹೆಚ್ಚು ಮತ ಪಡೆದು ಗೆದ್ದ. ಹೆಂಗಸರಿಗೆ, ಕಪ್ಪು ಜನರಿಗೆ ಆಗ ಮತವಿರಲಿಲ್ಲ ಎಂಬುದನ್ನೂ ಮರೆಯಬಾರದು.

ಹೊಸ ಮೇಯರ್ ಕುರ್ಚಿಯಲ್ಲಿ ಕೂತು ಕೆಲವೇ ದಿನ ಆಗಿತ್ತು, ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ ಬೆಳ್ಳಿ ಕೊಡುವುದನ್ನು ನಿಲ್ಲಿಸಿಬಿಟ್ಟವು. ದೇಶದಾದ್ಯಂತ ಹಾಹಾಕಾರ. ಇದನ್ನು ಇತಿಹಾಸದಲ್ಲಿ 1837ರ ಆರ್ಥಿಕ ಕುಸಿತ ಎನ್ನುತ್ತಾರೆ. ಸಾಲ ಮಾಡಿ ನಿವೇಶನ ಕೊಂಡಿದ್ದ ಶಿಕಾಗೊದ ಜನ ನೆಲ ಕಚ್ಚಿದರು. ಸಾಲವನ್ನೇ ಕೊಡುವುದು ಬೇಡ, ಕೋರ್ಟುಗಳನ್ನೇ ಮುಚ್ಚಿಸೋಣ ಎಂದು ಸಭೆ ಸೇರಿದರು. ಆ ಸಭೆಯಲ್ಲಿ ಆಗ್ಡನ್ ಎದ್ದು ನಿಂತು, ಕಷ್ಟವನ್ನು ಮರೆಮಾಡೋಣ, ಇನ್ನೂ ಕೂಸಾಗಿರುವ ಊರಿಗೆ ಕಳಂಕ ಹಚ್ಚುವುದು ಬೇಡ ಎಂದು ಬೇಡಿಕೊಂಡ. ಜನ ಕೇಳಿದರು. ಗೆಳೆಯರ ಸಾಲಕ್ಕೆ ಜಾಮೀನು ನಿಂತಿದ್ದ ಆತನೂ ಮುಂದಿನ ಕೆಲವು ವರ್ಷ ಬಹಳ ಇಕ್ಕಟ್ಟಿನಲ್ಲೇ ಇದ್ದ. ಊರಿನ ಮಾನ ಉಳಿಸುವ ಮಾತು ನಿವೇಶನಗಳ ಬೆಲೆ ಉಳಿಸುವ ಮಾತೂ ಆಗಿತ್ತು ಎಂದು ಬೇಕಾದರೆ ಕೊಂಕು ತೆಗೆಯಬಹುದು. ನಾನು ತೆಗೆಯುವುದಿಲ್ಲ. ಓಡಿಹೋಗುವ ದಾರಿ ಆತನಿಗೂ ತೆರೆದೇ ಇತ್ತು.

ಮೇಯರ್ ಆಗಿದ್ದದ್ದು ಒಂದೇ ವರ್ಷ. ನನಗೆ ಇಷ್ಟವಾದದ್ದು ಆಮೇಲಿನ ಸಂಗತಿ. ಮೇಯರ್ ಆದವನು 1840ರ ದಶಕದಲ್ಲಿ ಮತ್ತೆ ಬರೀ ವಾರ್ಡಿನ ಸದಸ್ಯನಾಗಿ ಅದೇ ಸಭೆಯಲ್ಲಿ ಕೂತ. ಒಮ್ಮೆ ಅಧ್ಯಕ್ಷರಾದವರು ಆಮೇಲೆ ಸಾಮಾನ್ಯ ಸದಸ್ಯರ ಕುರ್ಚಿಯಲ್ಲಿ ಕೂರಲು ಒಪ್ಪುವುದು ನಮ್ಮ ಕಡೆ ಅಪರೂಪ.

ಇನ್ನು ರೈಲಿನ ಕಥೆ. ಗಲೀನಾ ಎಂಬ ಸೀಸದ ಗಣಿಯ ಊರಿಗೆ ಶಿಕಾಗೊದಿಂದ ರೈಲು ಹಾಕಲು 1836ರಲ್ಲೇ ಪರವಾನಗಿ ಸಿಕ್ಕಿತ್ತು. ಕುಸಿತದಿಂದಾಗಿ ಹತ್ತು ವರ್ಷ ಕಾಗದದಲ್ಲೇ ಮಲಗಿತ್ತು. ಆಗ್ಡನ್ ಅದನ್ನು ಎಬ್ಬಿಸಿದಾಗ ವಿರೋಧ ಬಂದದ್ದು ಊರಿನ ಅಂಗಡಿಯವರಿಂದಲೇ. ರೈತರು ಗಾಡಿ ಕಟ್ಟಿಕೊಂಡು ಪೇಟೆಗೆ ಬಂದರೆ ತಾನೆ ಉಪ್ಪು, ಬಟ್ಟೆ, ಮೊಳೆ ಕೊಳ್ಳುವುದು? ಗೋಧಿ ರೈಲಿನಲ್ಲಿ ಬಂದರೆ ರೈತ ಮನೆಯಲ್ಲೇ ಉಳಿಯುತ್ತಾನೆ ಎಂಬ ಹೆದರಿಕೆ. ಪೂರ್ವದ ಸಾಹುಕಾರರೂ ಹಣ ಹಾಕಲಿಲ್ಲ. ಆಗ ಆತ ಕುದುರೆ ಹತ್ತಿ ಹಳ್ಳಿ ಹಳ್ಳಿ ತಿರುಗಿ ರೈತರಿಗೆ ಷೇರು ಮಾರಿದ. ಮಳೆ ಬಂದರೆ ಗಾಡಿಯ ಅಚ್ಚು ಮುಳುಗುವ ದಾರಿಯಲ್ಲಿ ಗೋಧಿ ಸಾಗಿಸಿ ಬೇಸತ್ತ ರೈತರಿಗೆ ಆತನ ಮಾತು ಬೇಗ ಅರ್ಥವಾಯಿತು. ಒಂದೊಂದು, ಎರಡೆರಡು ಷೇರು ಬರೆಸಿದರು. ಬೆಣ್ಣೆ, ಮೊಟ್ಟೆ ಮಾರಿ ಕೂಡಿಟ್ಟ ಹಣದಲ್ಲಿ ಹೆಂಗಸರೂ ಷೇರು ಕೊಂಡರು.

1848ರ ಅಕ್ಟೋಬರಿನಲ್ಲಿ 'ಪಯೋನಿಯರ್' ಎಂಬ ಹಳೆಯ, ಬೇರೆ ಕಡೆ ಓಡಿ ಬಂದ ಎಂಜಿನ್ ಹಡಗಿನಲ್ಲಿ ಬಂದಿಳಿಯಿತು. ಊರಿನಿಂದ ಡೆಸ್ ಪ್ಲೇನ್ಸ್ ನದಿಯವರೆಗೆ ಹತ್ತು ಮೈಲಿಯಷ್ಟು ಹಳಿ. ಮೊದಲ ಓಡಾಟಗಳಲ್ಲೊಂದರಲ್ಲಿ ದಾರಿಯಲ್ಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದ ರೈತನ ಗೋಧಿಯನ್ನು ಅಲ್ಲೇ ಕೊಂಡು ರೈಲಿಗೆ ತುಂಬಿ ತಂದರು. ಅಷ್ಟೇ ಸಾಕಾಯಿತು. ಎರಡೇ ವರ್ಷದಲ್ಲಿ ಹಳಿ ಎಲ್ಜಿನ್ ಮುಟ್ಟಿತು. ಗಲೀನಾ ಹೆಸರಿನ ಆ ರೈಲಿನ ಹಳಿ ಕೊನೆಗೂ ಗಲೀನಾ ತಲುಪಲೇ ಇಲ್ಲ, ಅದು ಬೇರೆ ಮಾತು! ಆ ಪಯೋನಿಯರ್ ಎಂಜಿನ್ ಇಂದಿಗೂ ಶಿಕಾಗೊದ ಇತಿಹಾಸ ಸಂಗ್ರಹಾಲಯದಲ್ಲಿದೆ. 1850ರಲ್ಲಿ ಸುಮಾರು 30,000 ಇದ್ದ ಜನಸಂಖ್ಯೆ 1860ಕ್ಕೆ 1,12,000 ದಾಟಿತು.

ರೈಲಿನ ಜತೆಗೇ ಯಂತ್ರ. ಕಟಾವು ಯಂತ್ರ ಮಾಡಿದ್ದ ಸೈರಸ್ ಮೆಕಾರ್ಮಿಕ್ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಆಗ್ಡನ್ 25,000 ಡಾಲರ್ ಹಾಕಿ ಪಾಲುದಾರನಾದ. ಎರಡು ವರ್ಷ ಕಳೆದು ಮೆಕಾರ್ಮಿಕ್ 50,000 ಕೊಟ್ಟು ಆ ಪಾಲನ್ನು ಬಿಡಿಸಿಕೊಂಡ. ನಿವೇಶನದಲ್ಲಂತೂ ಕೇಳುವುದೇ ಬೇಡ. 8,000 ಡಾಲರಿಗೆ ಕೊಂಡ ಜಾಗ ಎಂಟು ವರ್ಷದಲ್ಲಿ 30 ಲಕ್ಷಕ್ಕೆ ಹೋಯಿತೆಂಬುದು ಆತನೇ ಹೇಳಿಕೊಂಡ ಲೆಕ್ಕ.

ಹುಡುಗನ ಪ್ರಶ್ನೆ ಕುಟುಕುವುದು ಇಲ್ಲೇ. ರಸ್ತೆ ಬೇಕು ಎಂದವನು ಆತ, ರಸ್ತೆ ಪಕ್ಕದ ಜಾಗ ಆತನದು. ಎಷ್ಟೋ ಬೀದಿಗಳನ್ನು ಸ್ವಂತ ಹಣದಲ್ಲಿ ಮಾಡಿಸಿದ ಎನ್ನುತ್ತಾರೆ; ನಿವೇಶನ ಮಾರಬೇಕಾದರೆ ಬೀದಿ ಇರಲೇಬೇಕಲ್ಲ! ಆದರೆ ಒಳಚರಂಡಿಯ ವಿಷಯದಲ್ಲಿ ನನ್ನ ತಕ್ಕಡಿ ಆತನ ಕಡೆಗೇ ವಾಲುತ್ತದೆ. 1854ರ ಕಾಲರಾದಲ್ಲಿ ಸುಮಾರು 1,400 ಜನ ಸತ್ತರು. ಮರುವರ್ಷ ನಗರ ಒಳಚರಂಡಿ ಮಂಡಳಿ ರಚಿಸಿತು. ಅದರ ಅಧ್ಯಕ್ಷ ಆಗ್ಡನ್. ಅವರು ಕರೆಸಿದ ಎಂಜಿನಿಯರ್ ಚೆಸ್‌ಬ್ರೊ. ಊರು ಸರೋವರದ ಮಟ್ಟಕ್ಕೆ ಸಮನಾಗಿದ್ದರಿಂದ ನೆಲ ಅಗೆದು ಕೊಳವೆ ಹೂತರೆ ನೀರು ಹರಿಯದು. ಅದಕ್ಕೆ ಕೊಳವೆಗಳನ್ನು ನೆಲದ ಮೇಲೇ ಹಾಕಿ, ಮೇಲೆ ಮಣ್ಣು ತುಂಬಿ ಬೀದಿಗಳನ್ನೇ ಎತ್ತರಿಸಿದರು. ಹಾಗಾಗಿ ಹಳೆಯ ಕಟ್ಟಡಗಳನ್ನೂ ಎತ್ತಬೇಕಾಯಿತು. ಕೆಳಗೆ ಸಾಲಾಗಿ ಸ್ಕ್ರೂ ಜಾಕಿಗಳನ್ನಿಟ್ಟು, ನೂರಾರು ಆಳುಗಳು ಸನ್ನೆ ಕೊಟ್ಟಾಗ ಒಟ್ಟಿಗೆ ತಿರುಗಿಸುತ್ತ ಇಟ್ಟಿಗೆಯ ದೊಡ್ಡ ಕಟ್ಟಡಗಳನ್ನು ಅಡಿಗಟ್ಟಲೆ ಮೇಲೆತ್ತಿದರು. ಒಳಗೆ ವ್ಯಾಪಾರ ನಡೆದೇ ಇರುತ್ತಿತ್ತು. ಇದನ್ನು ಮಕ್ಕಳು ನಂಬಲಿಲ್ಲ. ಲಾರಿ ಟೈರ್ ಬದಲಿಸುವ ಜಾಕಿಯನ್ನು ನೆನಪಿಸಿದ ಮೇಲೆ ನಂಬಿದರು. ಆ ಚರಂಡಿ ನೀರೆಲ್ಲ ನದಿಗೆ, ನದಿಯಿಂದ ಕುಡಿಯುವ ನೀರಿನ ಸರೋವರಕ್ಕೇ ಹೋಗಿ, 1900ರಲ್ಲಿ ನದಿಯನ್ನೇ ಹಿಂದಕ್ಕೆ ಹರಿಸಬೇಕಾಯಿತು. ಆ ಹೊತ್ತಿಗೆ ಆಗ್ಡನ್ ಇರಲಿಲ್ಲ.

1862ರಲ್ಲಿ ಆತ ದೇಶದ ಪಶ್ಚಿಮ ತೀರದತ್ತ ಹೊರಟ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಮೊದಲ ಅಧ್ಯಕ್ಷನೂ ಆದ. ಆ ರೈಲು ದಾರಿಯ ಯೂಟಾದ ಆಗ್ಡನ್ ಪಟ್ಟಣಕ್ಕೆ ಈತನ ಹೆಸರು ಎಂದು ನಾನು ಬಹಳ ದಿನ ತಿಳಿದಿದ್ದೆ. ಅದು ಚರ್ಮದ ವ್ಯಾಪಾರಿ ಇನ್ನೊಬ್ಬ ಆಗ್ಡನ್‌ನ ಹೆಸರು. ಕ್ಲಾಸಿನಲ್ಲಿ ತಪ್ಪು ಹೇಳಿ, ವಾರದ ನಂತರ ತಿದ್ದಿದ್ದೆ.

1871ರ ಅಕ್ಟೋಬರ್ 8ರ ರಾತ್ರಿ ಶಿಕಾಗೊಗೆ ಬೆಂಕಿ ಬಿತ್ತು. ಮರದ ಮನೆ, ಮರದ ಕಾಲುದಾರಿ, ಮಳೆಯಿಲ್ಲದ ಬೇಸಿಗೆ ಕಳೆದು ಒಣಗಿದ ಊರು. ಎರಡು ದಿನದಲ್ಲಿ 17,000ಕ್ಕೂ ಹೆಚ್ಚು ಕಟ್ಟಡ ಸುಟ್ಟು ಒಂದು ಲಕ್ಷ ಜನ ಬೀದಿಗೆ ಬಂದರು. ಸುಮಾರು 300 ಜನ ಸತ್ತರು. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಆಗ್ಡನ್ ಧಾವಿಸಿ ಬಂದಾಗ ತನ್ನ ಮನೆ ಎಲ್ಲಿತ್ತೆಂದು ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಸುತ್ತೆಲ್ಲ ಬೂದಿಯಾದರೂ ತಮ್ಮನ ಮನೆ ಮಾತ್ರ ಉಳಿದಿತ್ತು. ಅಲ್ಲಿರುವಾಗಲೇ ಎರಡನೆಯ ಸುದ್ದಿ ಬಂತು. ಅದೇ ರಾತ್ರಿ ವಿಸ್ಕಾನ್ಸಿನ್ ಕಾಡಿನ ಪೆಶ್ಟಿಗೊ ಎಂಬ ಊರು ಸುಟ್ಟುಹೋಗಿತ್ತು. ಅಲ್ಲಿನ ಮರದ ಕಾರ್ಖಾನೆ, ಗರಗಸದ ಮಿಲ್ಲು ಆಗ್ಡನ್‌ನ ಕಂಪನಿಯವು. ಆ ಬೆಂಕಿಗೆ ಸತ್ತವರು 1,200ಕ್ಕೂ ಹೆಚ್ಚು. ಹೆಸರು ಹೇಳುವವರೂ ಉಳಿಯದೆ ಎಷ್ಟೋ ಜನರನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು. ಮರ ಕಡಿದು ರೆಂಬೆ ಕೊಂಬೆಯ ರಾಶಿಯನ್ನು ಕಾಡಿನಲ್ಲೇ ಬಿಡುತ್ತಿದ್ದ ರೂಢಿ ಬೆಂಕಿಗೆ ತುಪ್ಪ ಸುರಿದಂತಾಗಿತ್ತು. ಶಿಕಾಗೊದ ಬೆಂಕಿ ಎಲ್ಲರಿಗೂ ಗೊತ್ತು, ಪೆಶ್ಟಿಗೊ ಯಾರಿಗೂ ಗೊತ್ತಿಲ್ಲ. ಅರವತ್ತಾರರ ಮುದುಕ ಅಲ್ಲಿಗೂ ಹೋದ.

ಜೀವನವೆಲ್ಲ ಒಂಟಿಯಾಗಿದ್ದವನು 1875ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ ಮದುವೆಯಾದ. 1877ರ ಆಗಸ್ಟ್ 3ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ, ಅಲ್ಲೇ ಮಣ್ಣಾದ.

ಪ್ರಶ್ನೆ ಕೇಳಿದ ಹುಡುಗ ಕಥೆ ಮುಗಿದ ಮೇಲೆ, "ಹಾಗಾದ್ರೆ ಎರಡೂ ಅಂತ ಬರೆಯೋದಾ ಸಾರ್?" ಎಂದ. ಬರಿ, ಆದರೆ ಎರಡಕ್ಕೂ ಕಾರಣ ಕೊಡು ಎಂದೆ. ಈ ಶಾಲೆಯಲ್ಲೇ ಓದಿ ಈಗ ಶಿಕಾಗೊದಲ್ಲಿ ಕೆಲಸದಲ್ಲಿರುವ ಇನ್ನೊಬ್ಬ ಶಿಷ್ಯ ಕಳೆದ ದೀಪಾವಳಿಗೆ ಫೋನ್ ಮಾಡಿದ್ದ. ಚೌಕಳಿಯಂಥ ಆ ಊರಿನ ಬೀದಿಗಳ ನಡುವೆ ಆಗ್ಡನ್ ಅವೆನ್ಯೂ ಒಂದು ಓರೆಯಾಗಿ ನೈಋತ್ಯಕ್ಕೆ ಹೋಗುತ್ತದೆ, ಯಾಕೆ ಸಾರ್ ಎಂದು ಕೇಳಿದ. ಅದು ಹಿಂದೆ ಕೆಸರಿನ ಮೇಲೆ ಹಲಗೆ ಹಾಸಿ ರೈತರ ಗಾಡಿಗಳಿಗೆಂದು ಮಾಡಿದ ದಾರಿ ಕಣಪ್ಪಾ ಎಂದು ಹೇಳಿದೆ.