ಹಳೆಯ ನೆಗಡಿಗೆ ಹೊಸ ಹೆಸರು

2025ರ ಜನವರಿ 6. ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ವೈರಸ್ ಇರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೃಢಪಡಿಸಿತು. ಒಂದು ಮೂರು ತಿಂಗಳ ಹೆಣ್ಣುಮಗು, ಇನ್ನೊಂದು ಎಂಟು ತಿಂಗಳ ಗಂಡುಮಗು. ಎರಡೂ ವಿದೇಶಕ್ಕೆ ಹೋಗಿಬಂದವಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಜನ ಕೂಡುವ ಬನದ ಹುಣ್ಣಿಮೆಗೆ ಆಗ ಒಂದೇ ವಾರ ಉಳಿದಿತ್ತು. ಕೊರೊನಾದ ನೆನಪು ಮಾಸಿರಲಿಲ್ಲ. ಇದೂ ಅಂಥದೇ ಹೊಸ ಪಿಡುಗೇ? ಕೂಸನ್ನು ಎತ್ತಿಕೊಂಡು ಜಾತ್ರೆಗೆ ಹೋಗಬಹುದೇ? ಬೈಲಹೊಂಗಲ, ಕಿತ್ತೂರು, ರಾಮದುರ್ಗದ ತಾಯಂದಿರಿಗೆ ಇಂಥ ಪ್ರಶ್ನೆ ಏಳುವುದು ಸಹಜ.

ಈ ವೈರಸ್‌ನ ಚರಿತ್ರೆಯೇ ಅದಕ್ಕೆ ಉತ್ತರ ಹೇಳುತ್ತದೆ. ಇದನ್ನು ಮೊದಲು ಗುರುತಿಸಿದ್ದು 2001ರಲ್ಲಿ, ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಕೆಮ್ಮು, ಉಬ್ಬಸದಿಂದ ನರಳಿದ 28 ಮಕ್ಕಳ ಮಾದರಿಗಳಲ್ಲಿ ಅದು ಸಿಕ್ಕಿತು. ಪ್ರಯೋಗಾಲಯದ ಸಾಮಾನ್ಯ ಜೀವಕೋಶಗಳಲ್ಲಿ ಅದು ಸುಲಭವಾಗಿ ಬೆಳೆಯದ ಕಾರಣ ಅಷ್ಟು ಕಾಲ ಕಣ್ಣಿಗೆ ಬಿದ್ದಿರಲಿಲ್ಲ. ಬಳಿಕ 1958ರಲ್ಲಿ ಸಂಗ್ರಹಿಸಿಟ್ಟ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ಈ ವೈರಸ್ ವಿರುದ್ಧದ ಪ್ರತಿಕಾಯಗಳಿದ್ದವು! ಐದು ವರ್ಷ ತುಂಬುವ ಹೊತ್ತಿಗೆ ಅಲ್ಲಿನ ಬಹುತೇಕ ಎಲ್ಲ ಮಕ್ಕಳಿಗೂ ಅದು ಒಮ್ಮೆ ತಗುಲಿರುತ್ತಿತ್ತು. ಅಂದರೆ ಹೊಸದಾಗಿದ್ದು ವೈರಸ್ ಅಲ್ಲ, ಅದರ ಪರಿಚಯ.

ನಮಗೂ ಇದು ದೂರದ ಸುದ್ದಿಯಲ್ಲ. ಬೆಳಗಾವಿಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಪುಣೆಯಲ್ಲಿ, ರಾಷ್ಟ್ರೀಯ ವೈರಾಣು ಸಂಸ್ಥೆಯ ತಜ್ಞರು 2004ರಲ್ಲೇ ಭಾರತದ ಮಕ್ಕಳಲ್ಲಿ ಇದನ್ನು ವರದಿ ಮಾಡಿದ್ದರು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಏಳು ತಿಂಗಳ ಮಗುವಿನಿಂದ ಎನ್‌ಎಲ್63 ಎಂಬ ಕೊರೊನಾ ವೈರಸ್, ಮರುವರ್ಷ ಸ್ವೀಡನ್‌ನಲ್ಲಿ ಬೊಕಾವೈರಸ್ ಬೆಳಕಿಗೆ ಬಂದವು. ಪರೀಕ್ಷೆಯ ವಿಧಾನ ಸುಧಾರಿಸಿದಂತೆ ನಾವು ಬರೀ 'ನೆಗಡಿ' ಎನ್ನುತ್ತಿದ್ದುದಕ್ಕೆ ಒಂದೊಂದೇ ಹೆಸರು ಸಿಕ್ಕಿತು.

ಹಳೆಯದೆಂದು ಅಸಡ್ಡೆ ಮಾಡುವಂತಿಲ್ಲ. ಎಚ್‌ಎಂಪಿವಿಗೆ ಲಸಿಕೆಯಾಗಲಿ, ನಿರ್ದಿಷ್ಟ ಔಷಧವಾಗಲಿ ಇನ್ನೂ ಬಳಕೆಗೆ ಬಂದಿಲ್ಲ. ಬಹುಪಾಲು ಮಕ್ಕಳು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ನ್ಯುಮೋನಿಯಾ ಆಗುತ್ತದೆ. ಅದನ್ನು ಅರಿಯಲು ವೈರಸ್‌ನ ಹೆಸರು ಬೇಕಿಲ್ಲ, ಗಡಿಯಾರ ಸಾಕು. ಕೂಸು ಸುಮ್ಮನಿದ್ದಾಗ ಅದರ ಉಸಿರು ಎಣಿಸಬೇಕು. ನಿಮಿಷಕ್ಕೆ ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚು ಇದ್ದರೆ, ಉಸಿರೆಳೆದಾಗ ಎದೆಯ ಕೆಳಭಾಗ ಒಳಸೇದಿದರೆ, ಕೂಸು ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಜಾತ್ರೆಯ ಮಾತು. ಎಳೆಗೂಸನ್ನು ದಟ್ಟಣೆಯಿಂದ ದೂರವಿಡುವುದು, ನೆಗಡಿಯಾದವರು ಅದಕ್ಕೆ ಮುತ್ತಿಡದಿರುವುದು, ಕೈ ತೊಳೆದು ಮುಟ್ಟುವುದು ವೈರಸ್‌ಗೆ ಹೆಸರು ಬರುವ ಮೊದಲೂ ಒಳ್ಳೆಯ ರೂಢಿಗಳೇ ಆಗಿದ್ದವು.