ಪರದೇಶೀಯನೊಬ್ಬನು ಕಂಡ ಮತ-ಪ್ರಭುತ್ವಗಳ ಬೇರ್ಪಡಿಕೆ

ಮತಸಂಸ್ಥೆಗಳು ಪ್ರಭುತ್ವದ ನೆರಳಿನಲ್ಲಿ ಬಾಳಬೇಕೆ, ಅದರಿಂದ ದೂರವಾಗಿ ನಿಲ್ಲಬೇಕೆ ಎಂಬ ಪ್ರಶ್ನೆಯು ಇಂದು ನಿನ್ನೆಯದಲ್ಲ. ಅರಸರು ಮಠಮಂದಿರಗಳಿಗೆ ಉಂಬಳಿಗಳನ್ನು ಬಿಟ್ಟು ಶಿಲಾಶಾಸನಗಳನ್ನು ಬರೆಯಿಸಿದ ನಾಡಿನವರಿಗೆ, ಅರಸನ ಕಾಸನ್ನು ಮುಟ್ಟದಿರುವುದರಿಂದಲೇ ಧರ್ಮವು ಬಲಗೊಳ್ಳುವುದೆಂಬ ಮಾತು ಮೊದಲಿಗೆ ವಿಚಿತ್ರವಾಗಿ ತೋರುವುದು ಸಹಜವೇ ಸರಿ. ಫ್ರಾನ್ಸ್ ದೇಶದ ಅಲೆಕ್ಸಿ ದ ತೊಕ್ವಿಲ್ ಎಂಬ ತರುಣನಿಗೂ ಅದು ಹಾಗೆಯೇ ತೋರಿತು. ಆತನು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಪರಕೀಯನಾಗಿ ಹೋಗಿ, ಅಲ್ಲಿ ಕಂಡುದನ್ನು ತನ್ನ ದೇಶದ ಅನುಭವದೊಡನೆ ತೂಗಿ ನೋಡಿದನು.

ಆ ಅನುಭವವು ಕಹಿಯಾದುದು. ತೊಕ್ವಿಲ್ಲನು 1805ನೆಯ ಇಸವಿಯಲ್ಲಿ ಪ್ಯಾರಿಸಿನ ಕುಲೀನ ಮನೆತನವೊಂದರಲ್ಲಿ ಜನಿಸಿದನು. ಮಹಾಕ್ರಾಂತಿಯ ಕಾಲದಲ್ಲಿ ಆತನ ತಂದೆತಾಯಿಗಳು ಸೆರೆಮನೆಯನ್ನು ಕಂಡಿದ್ದರು. ತಾಯಿಯ ಅಜ್ಜನಾದ ಮಾಲ್ಜೆರ್ಬನು 1794ರಲ್ಲಿ ಶಿರಚ್ಛೇದಕ್ಕೆ ಗುರಿಯಾಗಿದ್ದನು. ಅದಕ್ಕೂ ಮೊದಲು ರೋಮನ್ ಕ್ಯಾಥೊಲಿಕ್ ಮತವು ಫ್ರಾನ್ಸಿನಲ್ಲಿ ಸಿಂಹಾಸನದ ಜೊತೆಗಾರನಾಗಿತ್ತು. ಸಿಂಹಾಸನವು ಉರುಳಿದಾಗ ಮತವೂ ಪೆಟ್ಟು ತಿಂದಿತು. 1789ರಲ್ಲಿ ಅದರ ಆಸ್ತಿಯು ರಾಷ್ಟ್ರದ ವಶವಾಯಿತು. 1790ರ ಕಾನೂನಿನಂತೆ ಪಾದ್ರಿಗಳು ಜನರಿಂದ ಚುನಾಯಿತರಾಗಿ, ಸರಕಾರದ ಸಂಬಳವನ್ನು ಪಡೆದು, ಪ್ರಭುತ್ವಕ್ಕೆ ಪ್ರಮಾಣ ಮಾಡಬೇಕಾಯಿತು. ಮಾಡಿದವರು ಒಂದು ಕಡೆ, ಮಾಡದವರು ಇನ್ನೊಂದು ಕಡೆಯಾಗಿ ಗುರುವರ್ಗವು ಇಬ್ಭಾಗವಾಯಿತು. ಅನಂತರ ಬಂದ ನೆಪೋಲಿಯನ್ನನು 1801ರಲ್ಲಿ ಪೋಪರೊಡನೆ ಒಪ್ಪಂದ ಮಾಡಿಕೊಂಡು, ಬಿಷಪ್ಪರನ್ನು ಹೆಸರಿಸುವ ಅಧಿಕಾರವನ್ನು ತನ್ನ ಕೈಯಲ್ಲಿಟ್ಟುಕೊಂಡನು. 1806ರಲ್ಲಿ ಹೊರಟ ಮತಬೋಧೆಯ ಪಾಠಪುಸ್ತಕದಲ್ಲಿ, ಚಕ್ರವರ್ತಿಗೆ ಕಂದಾಯವನ್ನು ಸಲ್ಲಿಸಿ ಸೈನ್ಯಕ್ಕೆ ಸೇರುವುದೂ ದೇವರಿಗೆ ಸಲ್ಲತಕ್ಕ ಕರ್ತವ್ಯವೆಂದು ಮಕ್ಕಳಿಗೆ ಕಲಿಸಲಾಯಿತು! ಸಂಬಳ ಕೊಟ್ಟವನು ಪಾಠವನ್ನೂ ಬರೆಯಿಸುವನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

ನೆಪೋಲಿಯನ್ನನು ಬಿದ್ದ ಮೇಲೆ ಹಳೆಯ ರಾಜವಂಶವು ಮರಳಿತು. ಕ್ಯಾಥೊಲಿಕ್ ಮತವು 1814ರಲ್ಲಿ ಪುನಃ ರಾಜಮತವೆಂದು ಘೋಷಿತವಾಯಿತು. 1825ರಲ್ಲಿ, ಪೂಜಾದ್ರವ್ಯವನ್ನು ಅಪವಿತ್ರಗೊಳಿಸಿದವನಿಗೆ ಮರಣದಂಡನೆಯನ್ನು ವಿಧಿಸುವ ಕಾನೂನು ಬಂದಿತು. ಆ ಶಿಕ್ಷೆಯು ಯಾರ ಮೇಲೂ ನಡೆಯಲಿಲ್ಲವಾದರೂ, ಜನರ ಮನಸ್ಸಿನಲ್ಲಿ ಅದು ಬಿತ್ತಿದ ದ್ವೇಷವು ಬೆಳೆಯದೆ ಹೋಗಲಿಲ್ಲ. 1830ರ ಕ್ರಾಂತಿಯಲ್ಲಿ ಆ ವಂಶವು ಗದ್ದುಗೆಯನ್ನು ಕಳೆದುಕೊಂಡಿತು. 1831ರ ಫೆಬ್ರುವರಿಯಲ್ಲಿ ಜನಸಮೂಹವು ಪ್ಯಾರಿಸಿನ ಆರ್ಚ್‌ಬಿಷಪ್ಪರ ಅರಮನೆಗೆ ನುಗ್ಗಿ ಅದನ್ನು ಹಾಳುಗೆಡವಿತು. ದೇವರ ಮೇಲಿನ ಸಿಟ್ಟಿಗಿಂತ ಅರಸನ ಮೇಲಿನ ಸಿಟ್ಟೇ ಆ ಕೈಗಳನ್ನು ನಡೆಯಿಸಿತೆಂಬುದು ಸ್ಪಷ್ಟ.

ಇದಾದ ಕೆಲವೇ ವಾರಗಳಲ್ಲಿ ತೊಕ್ವಿಲ್ಲನು ಸ್ನೇಹಿತನಾದ ಗುಸ್ತಾವ್ ದ ಬೋಮೊಂನೊಡನೆ ಹಡಗನ್ನೇರಿದನು. ಅಮೆರಿಕದ ಸೆರೆಮನೆಗಳನ್ನು ಪರಿಶೀಲಿಸಿ ವರದಿಯನ್ನು ಒಪ್ಪಿಸುವುದು ಸರಕಾರವು ಅವರಿಗೆ ವಹಿಸಿದ ಕಾರ್ಯ. 1831ರ ಮೇ ತಿಂಗಳಲ್ಲಿ ಅವರು ನ್ಯೂಯಾರ್ಕನ್ನು ಮುಟ್ಟಿ, ಸುಮಾರು ಒಂಬತ್ತು ತಿಂಗಳು ಆ ದೇಶದಲ್ಲಿ ಸಂಚರಿಸಿದರು. ಹೊಸಬನ ಕಣ್ಣಿಗೆ ಮೊದಲು ಬಿದ್ದುದು ಅಲ್ಲಿಯ ಜನರ ಮತಶ್ರದ್ಧೆ. ಸ್ವಾತಂತ್ರ್ಯದ ಗಾಳಿ ಬೀಸಿದಲ್ಲಿ ಶ್ರದ್ಧೆಯು ಆರಿಹೋಗುವುದೆಂದು ಯೂರೋಪಿನ ಪಂಡಿತರು ಸಾರುತ್ತಿದ್ದರು. ಇಲ್ಲಿಯಾದರೋ ಎರಡೂ ಒಂದೇ ಅಂಗಳದಲ್ಲಿ ಬೆಳೆದು ನಿಂತಿದ್ದುವು.

ಅಲ್ಲಿ ವರ್ಜೀನಿಯಾ ಸಂಸ್ಥಾನವು 1786ರಲ್ಲಿಯೇ, ಯಾರನ್ನೂ ಯಾವ ಮತದ ಪೋಷಣೆಗೂ ಒತ್ತಾಯಪಡಿಸಕೂಡದೆಂದು ಕಾನೂನು ಮಾಡಿತ್ತು. 1791ರಲ್ಲಿ ರಾಜ್ಯಾಂಗಕ್ಕೆ ಸೇರಿದ ಮೊದಲನೆಯ ತಿದ್ದುಪಡಿಯು ರಾಷ್ಟ್ರದ ಶಾಸನಸಭೆಯು ರಾಜಮತವನ್ನು ಸ್ಥಾಪಿಸಕೂಡದೆಂದು ವಿಧಿಸಿತು. ಆದರೂ ಬೇರ್ಪಡಿಕೆಯು ಎಲ್ಲೆಡೆಯೂ ಒಮ್ಮೆಲೇ ಆದುದಲ್ಲ: ಮ್ಯಾಸಚೂಸೆಟ್ಸಿನಲ್ಲಿ ಬೋಧಕರ ಪೋಷಣೆಗಾಗಿ ತೆರಿಗೆಯನ್ನೆತ್ತುವ ಪದ್ಧತಿಯು 1833ರ ವರೆಗೂ ಶಾಸನದಲ್ಲಿ ಉಳಿದಿತ್ತು. ನ್ಯೂಯಾರ್ಕಿನಂತಹ ಸಂಸ್ಥಾನಗಳಾದರೋ ಇನ್ನೂ ಮುಂದೆ ಹೋಗಿ, ಪಾದ್ರಿಗಳು ಸರಕಾರದ ಹುದ್ದೆಗಳನ್ನು ಹಿಡಿಯಲೇಬಾರದೆಂದು ಕಟ್ಟು ಮಾಡಿದ್ದುವು. ಟೆನೆಸೀ ಸಂಸ್ಥಾನದಲ್ಲಿ ಇಂತಹ ಕಟ್ಟು 1978ರ ವರೆಗೂ ಉಳಿದು, ಕೊನೆಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಿಂದ ರದ್ದಾಯಿತು.

ತೊಕ್ವಿಲ್ಲನು ಶ್ರದ್ಧೆಯ ಈ ಬಲಕ್ಕೆ ಕಾರಣವೇನೆಂದು ಎಲ್ಲ ಪಂಥದವರನ್ನೂ, ಮುಖ್ಯವಾಗಿ ತನ್ನ ಮತದವರೇ ಆದ ಕ್ಯಾಥೊಲಿಕ್ ಪಾದ್ರಿಗಳನ್ನೂ ಕೇಳಿದನು. ಫ್ರಾನ್ಸಿನ ಪಾದ್ರಿಗಳಾಗಿದ್ದರೆ ರಾಜಾಶ್ರಯವು ತಪ್ಪಿತೆಂದು ಗೋಳಾಡುತ್ತಿದ್ದರೋ ಏನೋ. ಇವರು ಮತಪ್ರಭುತ್ವಗಳು ಬೇರೆಯಾಗಿರುವುದೇ ಕಾರಣವೆಂದು ಒಕ್ಕೊರಲಿನಿಂದ ಉತ್ತರವಿತ್ತರು. 1835ರಲ್ಲಿ ಪ್ರಕಟವಾದ ‘ಅಮೆರಿಕದಲ್ಲಿ ಪ್ರಜಾಪ್ರಭುತ್ವ’ ಎಂಬ ಗ್ರಂಥದಲ್ಲಿ ಆತನು ಇದನ್ನು ವಿಸ್ತರಿಸಿ ವಿವೇಚಿಸಿದನು. ಸಾವಿಗೆ ಅಂಜುವ, ಅಮರತ್ವವನ್ನು ಬಯಸುವ ಮನುಷ್ಯಸ್ವಭಾವದಲ್ಲಿಯೇ ಧರ್ಮದ ಬೇರು ಇರುವುದರಿಂದ ಅದು ಎಲ್ಲ ಕಾಲಕ್ಕೂ ಎಲ್ಲರಿಗೂ ಸೇರಿದುದು. ಅದು ಒಂದು ರಾಜ್ಯದೊಡನೆ ಕೂಡಿಕೊಂಡಿತೆಂದರೆ ಆ ರಾಜ್ಯದ ಬಲದೊಡನೆ ಆ ರಾಜ್ಯದ ವೈರಿಗಳನ್ನೂ ಪಡೆಯಬೇಕಾಗುತ್ತದೆ. ಚುನಾವಣೆಯಿಂದ ಚುನಾವಣೆಗೆ ಪಕ್ಷಗಳು ಏರಿ ಇಳಿಯುವ ಪ್ರಜಾರಾಜ್ಯದಲ್ಲಂತೂ ಈ ಅಪಾಯವು ಮತ್ತಷ್ಟು ಹೆಚ್ಚು. ಇದೇ ಆತನ ವಾದದ ತಿರುಳು. ಹೀಗೆ ಬರೆದವನು ದೃಢಭಕ್ತನೇನೂ ಆಗಿರಲಿಲ್ಲ. ಮೆಟ್ಸ್ ನಗರದಲ್ಲಿ ತಂದೆಯೊಡನೆ ಇದ್ದಾಗ, ಹದಿನಾರರ ವಯಸ್ಸಿನಲ್ಲಿ, ಪುಸ್ತಕಗಳನ್ನೋದುತ್ತ ಸಂಶಯಕ್ಕೆ ಸಿಲುಕಿದವನು.

ಆದರೆ ಪ್ರಭುತ್ವದ ಹಂಗನ್ನು ಬಿಟ್ಟ ಮಾತ್ರಕ್ಕೆ ಬೋಧಕನು ಸರ್ವತಂತ್ರ ಸ್ವತಂತ್ರನಾಗುವನೆ? ಸರಕಾರದ ಸಂಬಳವಿಲ್ಲದವನು ಭಕ್ತರ ಕಾಣಿಕೆಯಿಂದ ಬದುಕಬೇಕು. ಕಾಣಿಕೆಯನ್ನು ಕೊಡುವವರಿಗೆ ಹಿತವಲ್ಲದ ಮಾತನ್ನಾಡುವುದು ಅವನಿಗೆ ಕಷ್ಟ. ಅಮೆರಿಕದ ಪಾದ್ರಿಗಳು ಲೌಕಿಕ ವಿಷಯಗಳಲ್ಲಿ ಬಹುಜನರ ಅಭಿಪ್ರಾಯಕ್ಕೆ ತಲೆಬಾಗುವರೆಂಬುದನ್ನು ತೊಕ್ವಿಲ್ಲನು 1840ರಲ್ಲಿ ಹೊರಬಂದ ಎರಡನೆಯ ಸಂಪುಟದಲ್ಲಿ ಗುರುತಿಸಿರುವನು. ಗುರುತಿಸಿಯೂ ಅದನ್ನು ದೋಷವೆಂದೆಣಿಸಲಿಲ್ಲ. ಇಲ್ಲಿ ಆತನ ದೃಷ್ಟಿಯು ಸಾಲದಾಯಿತೆಂದೇ ಹೇಳಬೇಕು. ದಕ್ಷಿಣದ ಸಂಸ್ಥಾನಗಳಲ್ಲಿ ಗುಲಾಮರನ್ನಿಟ್ಟುಕೊಂಡ ಒಡೆಯರೇ ಪ್ರಾರ್ಥನಾಮಂದಿರಗಳ ಪೋಷಕರು. ಅಲ್ಲಿಯ ಎಷ್ಟೋ ಬೋಧಕರು ದಾಸ್ಯಪದ್ಧತಿಗೆ ಶಾಸ್ತ್ರಾಧಾರಗಳನ್ನು ಹುಡುಕಿಕೊಟ್ಟರು. 1844ರಲ್ಲಿ ಮೆಥಡಿಸ್ಟರೂ 1845ರಲ್ಲಿ ಬ್ಯಾಪ್ಟಿಸ್ಟರೂ ಇದೇ ವಿವಾದದಿಂದ ಉತ್ತರ ದಕ್ಷಿಣಗಳಾಗಿ ಒಡೆದುಹೋದರು. ಇನ್ನು ಅಲ್ಲಿಯ ಮೂಲನಿವಾಸಿಗಳ ವಿಷಯದಲ್ಲಿ ಬೇರ್ಪಡಿಕೆಯ ನಿಯಮವೇ ಮರೆತುಹೋಗಿತ್ತು. 1819ರ ಕಾನೂನಿನಂತೆ ಅವರನ್ನು ‘ನಾಗರಿಕ’ರನ್ನಾಗಿ ಮಾಡಲು ಮಂಜೂರಾದ ವರ್ಷಕ್ಕೆ 10,000 ಡಾಲರುಗಳು ಬಹುಮಟ್ಟಿಗೆ ಮಿಷನರಿ ಸಂಘಗಳ ಶಾಲೆಗಳಿಗೆ ಸಂದುವು.

ತೊಕ್ವಿಲ್ಲನ ವಿಚಾರಕ್ಕೆ ಕಠಿನ ಪರೀಕ್ಷೆಯು ಬಂದುದು ಆತನು ಅಧಿಕಾರಕ್ಕೇರಿದಾಗ. 1849ರ ಜೂನ್ ತಿಂಗಳಲ್ಲಿ ಆತನು ಫ್ರಾನ್ಸಿನ ವಿದೇಶಾಂಗ ಮಂತ್ರಿಯಾದನು. ಆ ಹೊತ್ತಿಗಾಗಲೇ ಫ್ರೆಂಚ್ ಸೈನ್ಯವು ರೋಮ್ ನಗರವನ್ನು ಮುತ್ತಿತ್ತು. ಮಧ್ಯ ಇಟಲಿಯನ್ನಾಳುತ್ತಿದ್ದ ಪೋಪರು ಪ್ರಜೆಗಳ ದಂಗೆಗೆ ಅಂಜಿ ಓಡಿಹೋಗಿ, ಅಲ್ಲಿ ಪ್ರಜಾರಾಜ್ಯವು ಸ್ಥಾಪಿತವಾಗಿತ್ತು. ಜುಲೈ ತಿಂಗಳಲ್ಲಿ ರೋಮ್ ಕೈವಶವಾಯಿತು. ಗುರುವೇ ಅರಸನಾದ ರಾಜ್ಯವು ಪರಸೈನ್ಯದ ಬಲದಿಂದ ಮತ್ತೆ ನೆಲೆಗೊಂಡಿತು. ಸಿಂಹಾಸನದ ಸಂಗವು ಧರ್ಮಕ್ಕೆ ಮೃತ್ಯುವೆಂದು ಬರೆದವನೇ ಆ ಕಾರ್ಯದ ಮಂತ್ರಿ! ಪೋಪರ ಆಡಳಿತದಲ್ಲಿ ಪ್ರಜೆಗಳ ಹಕ್ಕುಗಳಿಗೆ ಎಡೆಯಿರಬೇಕೆಂದು ಆತನು ಒತ್ತಾಯಿಸಿದನು. ದೊರೆತ ಫಲವು ಅತ್ಯಲ್ಪ. ಅಕ್ಟೋಬರ್ ಕೊನೆಗೆ ಆ ಮಂತ್ರಿಮಂಡಲವೇ ಹೋಯಿತು. ಆತನು 1859ರಲ್ಲಿ ತೀರಿಕೊಂಡನು. 1870ರಲ್ಲಿ ಜರ್ಮನಿಯೊಡನೆ ಯುದ್ಧವೊದಗಿ ಫ್ರೆಂಚ್ ಸೈನ್ಯವು ರೋಮಿನಿಂದ ಹಿಂದಿರುಗಿದ ಕೆಲವೇ ವಾರಗಳಲ್ಲಿ ಇಟಲಿಯ ಸೈನ್ಯವು ನಗರವನ್ನು ಹೊಕ್ಕಿತು. ಪೋಪರ ರಾಜ್ಯವು ಮುಗಿಯಿತು.

ಫ್ರಾನ್ಸಿನಲ್ಲಿ ಮತಪ್ರಭುತ್ವಗಳನ್ನು ಬೇರ್ಪಡಿಸಿದ ಕಾನೂನು ಬಂದುದು 1905ರಲ್ಲಿ. ಆಗ ಜರ್ಮನಿಯ ಅಧೀನದಲ್ಲಿದ್ದ ಆಲ್ಸೇಸ್ ಮತ್ತು ಮೊಸೆಲ್ ಪ್ರಾಂತಗಳಿಗೆ ಅದು ತಟ್ಟಲಿಲ್ಲ. 1918ರಲ್ಲಿ ಅವು ಫ್ರಾನ್ಸಿನ ಕೈಸೇರಿದ ಮೇಲೆಯೂ ನೆಪೋಲಿಯನ್ನನ ಕಾಲದ ಕಟ್ಟಳೆಯೇ ಅಲ್ಲಿ ಉಳಿಯಿತು; ಪಾದ್ರಿಗಳಿಗೂ ಯೆಹೂದ್ಯ ಗುರುಗಳಿಗೂ ಅಲ್ಲಿ ಇಂದಿಗೂ ಸರಕಾರದ ಸಂಬಳವು ಸಲ್ಲುತ್ತಿದೆ. ತೊಕ್ವಿಲ್ಲನು ತಾರುಣ್ಯದಲ್ಲಿ ಶ್ರದ್ಧೆಯನ್ನು ಕಳೆದುಕೊಂಡ ಮೆಟ್ಸ್ ನಗರವು ಮೊಸೆಲಿನ ಮುಖ್ಯ ಪಟ್ಟಣ.