ದಿಕ್ಕು ಗುರುತಿಸುವ ಕಪ್ಪುದ್ರವ್ಯ ಶೋಧಕಗಳು

ಡಾರ್ಕ್ ಮ್ಯಾಟರ್ ಎಂದೂ ಕರೆಯುವ ಕಪ್ಪುದ್ರವ್ಯದ ಕಣಗಳು ಯಾವ ಕಡೆಯಿಂದ ಬರುತ್ತವೆ ಎಂಬುದನ್ನು ಪತ್ತೆಹಚ್ಚಲು ರೂಪಿಸಿದ ಉಪಕರಣಗಳು. ಸೂರ್ಯ ಸೆಕೆಂಡಿಗೆ ಸುಮಾರು 230 ಕಿ.ಮೀ. ವೇಗದಲ್ಲಿ ರಾಜಹಂಸ ನಕ್ಷತ್ರಪುಂಜದತ್ತ ಸಾಗುತ್ತಿರುವುದರಿಂದ ಈ ಕಣಗಳು ಎದುರುಗಾಳಿಯಂತೆ ಆ ದಿಕ್ಕಿನಿಂದಲೇ ಹೆಚ್ಚಾಗಿ ಬರಬೇಕು. ಕಡಿಮೆ ಒತ್ತಡದ ಅನಿಲ ತುಂಬಿದ ಕೋಶದಲ್ಲಿ ಕಣವೊಂದು ಡಿಕ್ಕಿ ಹೊಡೆದರೆ ಪರಮಾಣು ಬೀಜ ಕೆಲವೇ ಮಿಲಿಮೀಟರ್ ಚಿಮ್ಮಿ ಅಯಾನುಗಳ ಜಾಡು ಬಿಡುತ್ತದೆ. ಆ ಜಾಡಿನ ಬುಡ ಯಾವುದು, ತುದಿ ಯಾವುದು ಎಂದು ಹೇಳುವುದೇ ಎಲ್ಲಕ್ಕಿಂತ ಕಠಿಣ. ಭೂಮಿ ತಿರುಗಿದಂತೆ ಜಾಡಿನ ದಿಕ್ಕು 23 ಗಂಟೆ 56 ನಿಮಿಷಕ್ಕೊಮ್ಮೆ ಮರುಕಳಿಸಬೇಕು. ಸೂರ್ಯನ ಪಥ ರಾಜಹಂಸವನ್ನು ಎಂದೂ ಹಾಯುವುದಿಲ್ಲ. ಆದ್ದರಿಂದ ಇಂಥದೇ ಜಾಡು ಬಿಡಬಲ್ಲ ಸೌರ ನ್ಯೂಟ್ರಿನೋಗಳನ್ನು ಬೇರ್ಪಡಿಸಬಹುದು. ಈ ವಿಧಾನದ ನಿಜವಾದ ಬಲ ಇದೇ.

1988ರಲ್ಲಿ ಡೇವಿಡ್ ಸ್ಪರ್ಗೆಲ್ ಸೂಚಿಸಿದ ಈ ಮಾರ್ಗವನ್ನು ಇಂಗ್ಲೆಂಡಿನ ಬೌಲ್ಬಿ ಗಣಿಯಲ್ಲಿ ಡ್ರಿಫ್ಟ್ ಪ್ರಯೋಗ ಪರೀಕ್ಷಿಸಿತು.

ಇಂಥ ಗಣಿಯಾಳದ ಭೌತವಿಜ್ಞಾನದಲ್ಲಿ ಕರ್ನಾಟಕದ ಪಾಲೂ ಹಿರಿದು. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲೇ ವಾಯುಮಂಡಲದ ನ್ಯೂಟ್ರಿನೋ ಪತ್ತೆಯಾಯಿತು. 1970ರ ದಶಕದಲ್ಲಿ ಅಲ್ಲಿ ದಾಖಲಾದ, ಒಂದೇ ಬಿಂದುವಿನಿಂದ ಹಲವು ಜಾಡು ಹೊರಟ ‘ಕೋಲಾರ ಘಟನೆ’ಗಳು ಕಪ್ಪುದ್ರವ್ಯ ಕಣಗಳ ಕ್ಷಯದಿಂದ ಆಗಿರಬಹುದೆಂದು ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ 2014ರಲ್ಲಿ ಸೂಚಿಸಿದರು. ಅದು ಇನ್ನೂ ಊಹೆಯೇ. ಗಣಿ 2001ರಲ್ಲಿ ಮುಚ್ಚಿತು. ದಿಕ್ಕು ಗುರುತಿಸುವ ಯಾವ ಶೋಧಕಕ್ಕೂ ಕಪ್ಪುದ್ರವ್ಯ ಈವರೆಗೆ ಸಿಕ್ಕಿಲ್ಲ.